ಕೊಲಂಬೊದಲ್ಲಿ ಕಂಡ ಮೂರು ನಮೂನೆಯ ಬಿಳಿ

ಬನಹಟ್ಟಿ

ನಮ್ಮ ಮನೆಯಲ್ಲಿ ಒಂದು ನೀಲಿ ಸೂಟ್‌ಕೇಸ್ ಇದೆ. ಬೇರೆಯವರ ಮನೆಗಳಲ್ಲಿ ಇಂಥ ಸಾಮಾನು ಅಟ್ಟದ ಮೇಲೆ ಇರುತ್ತದೆ. ನಮ್ಮಲ್ಲಿ ಅದು ದೇವರ ಕೋಣೆಯ ಪಕ್ಕದಲ್ಲಿ ಕಾಯಂ ನಿಂತಿರುತ್ತದೆ. ನಮ್ಮವರದು ಸೀರೆಯ ವ್ಯಾಪಾರ. ಮಗ್ಗದವರಿಂದ ಸೀರೆ ಕೊಂಡು ಊರೂರಿಗೆ ಕಳಿಸುತ್ತಾರೆ. ಸೋಲಾಪುರ, ಹೈದರಾಬಾದ, ಮುಂಬಯಿ ಅಂತ ತಿಂಗಳಿಗೆ ಹತ್ತು ದಿನ ಹೊರಗೇ. ಮಗಳು ಅಕ್ಷತಾ ಸಣ್ಣವಳಿದ್ದಾಗ ಶಾಲೆಯಲ್ಲಿ ಮನೆಮಂದಿಯ ಚಿತ್ರ ಬಿಡಿಸಲು ಹೇಳಿದ್ದರು. ನನ್ನನ್ನು, ಅಜ್ಜಿಯನ್ನು, ತನ್ನನ್ನು ಬಿಡಿಸಿ, ಅಪ್ಪ ನಿಲ್ಲಬೇಕಾದಲ್ಲಿ ಆ ಸೂಟ್‌ಕೇಸ್ ಬಿಡಿಸಿಕೊಂಡು ಬಂದಿದ್ದಳು. ಚಕ್ರ ಸಮೇತ.

ನಮ್ಮ ಅತ್ತೆಯವರದೊಂದು ಪದ್ಧತಿ ಇದೆ. ಊರಿಗೆ ಹೋದವರ ಪಾಲಿನ ಒಂದು ರೊಟ್ಟಿಯನ್ನು ದಿನಾ ಬುಟ್ಟಿಯಲ್ಲಿ ತೆಗೆದಿಡಬೇಕು. ಅವರು ಎಲ್ಲಿದ್ದರೂ ಹಸಿದಿರಬಾರದು ಎಂದು. ಮರುದಿನ ಆ ರೊಟ್ಟಿ ಎಮ್ಮೆಗೆ. ಹೀಗಾಗಿ ನಮ್ಮವರು ಯಾವ ಯಾವ ದಿನ ಮನೆಯಲ್ಲಿರಲಿಲ್ಲ ಎಂಬುದು ನನಗಿಂತ ಎಮ್ಮೆಗೇ ಚೆನ್ನಾಗಿ ಗೊತ್ತು.

ಇಂಥದರಲ್ಲಿ ಕೊಲಂಬೊದ ಪಾರ್ಟಿಯಿಂದ ಫೋನು ಬಂತು. ವ್ಯಾಪಾರದವರು ದೊಡ್ಡ ಗಿರಾಕಿಗೆ ಪಾರ್ಟಿ ಎನ್ನುತ್ತಾರೆ. ಎರಡು ವರ್ಷದಿಂದ ಇವರು ಅಲ್ಲಿಗೆ ಬಿಳಿ ಸೀರೆ ಕಳಿಸುತ್ತಿದ್ದರು. ಈಗ ಅಲ್ಲಿಯವರಿಗೆ ಮೂರು ಪಟ್ಟು ಮಾಲು ಬೇಕಂತೆ. ಆದರೆ ಇವರು ತಿಂಗಳಿಗೆ ಹದಿನೈದು ದಿನ ಅಲ್ಲೇ ಕುಳಿತು, ಮಾಲು ಆರಿಸಿ ಕೊಡಬೇಕಂತೆ. ‘ಮನೆಯವರನ್ನೂ ಕರೆದುಕೊಂಡು ಬನ್ನಿ, ಅವರ ಎದುರಿಗೇ ಮಾತಾಗಲಿ’ ಎಂದೂ ಹೇಳಿದ್ದರು.

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. “ಹದಿನೈದು ದಿನ ಅಲ್ಲಿ. ಹತ್ತು ದಿನ ಮುಂಬೈ, ಸೋಲಾಪುರ. ಉಳದದ್ದು ಐದು. ಅದರಾಗ ಎರಡ ದಿನ ಬಸ್ಸಿನ್ಯಾಗ.”

“ಮೂರ ದಿನ ಸಿಗತೇನಲ್ಲ,” ಅಂದರು ನಗುತ್ತ.

ಒಳಗೆ ಹಿಟ್ಟು ಸಾಣಿಸುತ್ತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು: “ಮೂರ ದಿನಕ್ಕ ಬರೋರಿಗೆ ಬೀಗರಂತಾರಪಾ. ಮಗಾ ಅನ್ನೂದಿಲ್ಲ.”

ಹೊರಡುವ ಹಿಂದಿನ ಸೋಮವಾರ ಇಬ್ಬರೂ ಕಾಡಸಿದ್ಧೇಶ್ವರನ ಗುಡಿಗೆ ಹೋದೆವು. ಅವರು ಕಣ್ಣು ಮುಚ್ಚಿ ‘ಈ ವ್ಯವಹಾರ ಕುದುರಲಿ’ ಎಂದು ಬೇಡಿಕೊಂಡರು. ನಾನು ಅವರ ಪಕ್ಕದಲ್ಲೇ ನಿಂತು, ‘ಇದು ಮುರಿಯಲಿ, ಐದು ಸೋಮವಾರ ಅಭಿಷೇಕ ಮಾಡಿಸುತ್ತೇನೆ’ ಎಂದು ಹರಕೆ ಹೊತ್ತೆ. ಗಂಡನ ವ್ಯಾಪಾರ ಕೆಡಲಿ ಎಂದು ಬೇಡಿಕೊಂಡ ಹೆಣ್ಣುಮಗಳು ನಮ್ಮ ಓಣಿಯಲ್ಲಿ ನಾನೊಬ್ಬಳೇ ಇರಬೇಕು. ಗಂಟೆ ಕೂಡ ಮೆಲ್ಲಗೆ ಬಾರಿಸಿದೆ. ಒಂದೇ ತೆಂಗಿನಕಾಯಿ, ಎರಡು ಬೇಡಿಕೆ. ದೇವರಿಗೆ ಆವತ್ತು ನಮ್ಮ ಮನೆಯಿಂದ ಒಳ್ಳೇ ಪೇಚು.

ಲೋಕಾಪುರ

ಮುಧೋಳ ದಾಟಿ ಲೋಕಾಪುರದಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದರು. ಪರದೇಶ ಇನ್ನೂ ದೂರವಿತ್ತು, ಆದರೆ ನನ್ನ ಪಾಲಿಗೆ ಅದು ಅಲ್ಲಿಂದಲೇ ಸುರುವಾಯಿತು. ಯಾಕೆಂದರೆ ಚಹಾದಂಗಡಿಯವರು ಕೇಳದೆಯೇ ಇವರ ಕೈಗೆ ಸಕ್ಕರೆ ಕಡಿಮೆ ಹಾಕಿದ ಚಹಾ ಕೊಟ್ಟರು. ಇಪ್ಪತ್ತು ವರ್ಷದಿಂದ ನಾನು ಇವರಿಗೆ ಎರಡು ಚಮಚೆ ಸಕ್ಕರೆ ಹಾಕುತ್ತಿದ್ದೇನೆ.

“ಏನ್ ಸಾಹುಕಾರ್ರ, ಇವತ್ತ ಜೋಡಿಲೇ ಹೊಂಟೀರಿ?” ಅಂದರು ಅಂಗಡಿಯವರು. ನನ್ನ ಕಡೆ ತಿರುಗಿ, “ಅಕ್ಕಾರ, ಇವ್ರು ನಿಮ್ಮ ಶೇಂಗಾದ ಹಿಂಡೀನ ಭಾಳ ಹೊಗಳತಾರ್ರೀ. ನಾನೂ ತಿಂದೇನಿ.”

“ಯಾವಾಗ ತಿಂದ್ರಿ?” ಅಂದೆ.

“ಪ್ರತಿ ಸಲಾ! ಅರ್ಧಾ ಬುತ್ತಿ ಇಲ್ಲೇ ಬಿಚ್ಚತಾರಲ್ಲ.”

ಇವರು ಚಹಾದ ಕಪ್ಪಿನೊಳಗೆ ಮುಖ ಹಾಕಿಕೊಂಡರು. ನಾನು ಹುಬ್ಬಳ್ಳಿಯ ರೈಲಿನಲ್ಲಿ ಮುಂಬಯಿಯವರೆಗೆ ಹೋಗುತ್ತದೆ ಎಂದು ಕಟ್ಟಿ ಕೊಡುತ್ತಿದ್ದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಬುತ್ತಿ ಲೋಕಾಪುರ ದಾಟುತ್ತಿರಲಿಲ್ಲ. ಸಿಟ್ಟು ಬರಬೇಕಿತ್ತು. ಹೊಗಳಿದ್ದಾರಲ್ಲ ಎಂದು ಬಿಟ್ಟುಬಿಟ್ಟೆ.

ಬೆಂಗಳೂರು ವಿಮಾನ ನಿಲ್ದಾಣ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದೆವು. ಇಲ್ಲಿ ತಪಾಸಣೆ ಜೋರು. ನಾನು ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಕಟ್ಟಿಕೊಂಡಿರುತ್ತೇನೆ. ತಪಾಸಣೆಯ ಹುಡುಗಿ ಕೈಯಲ್ಲಿಯ ಯಂತ್ರ ಆಡಿಸಿದರೆ ಅದು ಕಿರ್ರೆಂದು ಕೂಗಿತು. ತೆಗೆದು ಟ್ರೇಯಲ್ಲಿಡಿ ಎಂದಳು. ಟ್ರೇಯಲ್ಲಿ ನನ್ನ ಮುಂದಿನವರ ಬೂಟು ಇದ್ದವು.

“ತಂಗಿ, ಇದು ನನ್ನ ದೇವರು,” ಅಂದೆ. “ಬೂಟಿನ ಜೋಡಿ ಹೆಂಗ ಇಡ್ಲಿ?”

ಅವಳಿಗೆ ನನ್ನ ಮಾತು ಎಷ್ಟು ತಿಳಿಯಿತೋ, ಮುಖ ನೋಡಿ ತಿಳಿಯಿತೋ. ಬೇರೊಂದು ಟ್ರೇ ತೆಗೆದಳು. ಅದನ್ನು ಕಾಗದದಿಂದ ಒರೆಸಿದಳು. ನಾನು ಅದರ ಮೇಲೆ ಒಗೆದ ಕರವಸ್ತ್ರ ಹಾಸಿ ಕರಡಿಗೆ ಇಟ್ಟೆ. ಸಣ್ಣದೊಂದು ಪರದೆಯ ಹಿಂದೆ ದೇವರು ಒಬ್ಬನೇ ಮೆರವಣಿಗೆ ಹೊರಟುಹೋದ. ಈ ಕಡೆಯಿಂದ ಆ ಕಡೆಗೆ ಓಡಿಹೋಗಿ ಬೊಗಸೆಯಲ್ಲಿ ತೆಗೆದುಕೊಂಡೆ. ನಮ್ಮ ವಂಶದಲ್ಲಿ ಎಕ್ಸ್‌ರೇ ತೆಗೆಸಿಕೊಂಡ ಮೊದಲ ದೇವರು! ಆ ಹುಡುಗಿ ನಕ್ಕು ಕೈ ಮುಗಿದಳು. ಅವಳಿಗೆ ಒಳ್ಳೆಯದಾಗಲಿ.

ಕೊಲಂಬೊ, ಮೊದಲ ದಿನ

ನನ್ನ ತವರು ಬೀಳಗಿ. ದೊಡ್ಡ ನೀರೆಂದರೆ ನಮಗೆ ಕೃಷ್ಣೆಯ ಹಿನ್ನೀರು. ಕೊಲಂಬೊದ ಸಮುದ್ರದ ದಂಡೆಯಲ್ಲಿ ನಿಂತು, ಆಚೆ ದಂಡೆಯ ಊರು ಯಾವುದು ಎಂದು ಇವರನ್ನು ಕೇಳಿದೆ. ಇವರು ಬಹಳ ಹೊತ್ತು ವಿಚಾರ ಮಾಡಿ, “ಆಫ್ರಿಕಾ ಇರಬೇಕು,” ಅಂದರು. ಬೀಳಗಿಯಲ್ಲಿ ಆಚೆ ದಂಡೆಯ ಬೆಳೆ ಯಾವುದು ಅಂತಲೂ ಹೇಳಬಹುದು.

ಇಲ್ಲಿಯವರ ಒಂದು ರೂಢಿ ನನಗೆ ಸೇರಿತು. ಹೌದು ಅನ್ನಲಿಕ್ಕೆ ತಲೆಯನ್ನು ಮೇಲೆ ಕೆಳಗೆ ಮಾಡುವುದಿಲ್ಲ, ನಮ್ಮ ಹಾಗೇ ಆಚೆ ಈಚೆ ಓಲಾಡಿಸುತ್ತಾರೆ. ಭಾಷೆ ಬಾರದಿದ್ದರೂ ತಲೆ ಓಲಾಡಿಸಿಯೇ ಅರ್ಧ ಊರು ತಿರುಗಿದೆ.

ಆದರೆ ಆವತ್ತು ನಾನು ಕಂಡ ಎಲ್ಲಕ್ಕಿಂತ ಅಪರೂಪದ ಪ್ರಾಣಿ ನನ್ನ ಗಂಡ. ಮನೆಯಲ್ಲಿ ಇವರಿಗೆ ಕುಡಿಯುವ ನೀರಿನ ಲೋಟ ಎಲ್ಲಿರುತ್ತದೆ ಎಂದು ಗೊತ್ತಿಲ್ಲ. ಇಲ್ಲಿ ಹೋಟೆಲ್ ಕೋಣೆಗೆ ಬಂದವರೇ ಸ್ನಾನ ಮುಗಿಸಿ, ತಮ್ಮ ಬನಿಯನ್ ತಾವೇ ಹಿಂಡಿ, ಕಿಟಕಿಗೆ ಒಣಹಾಕಿದರು. ಹಾಸಿಗೆ ಝಾಡಿಸಿದರು. ಅಂಗಿಯನ್ನು ಸೀರೆಯಂಗಡಿಯವರ ಹಾಗೆ ಚೌಕಾಗಿ ಮಡಿಚಿಟ್ಟರು.

“ಅಲ್ರೀ, ಇದೆಲ್ಲಾ ನಿಮಗ ಬರತೈತಿ?” ಅಂದೆ.

“ಇಲ್ಲಿ ಮಾಡೋರು ಯಾರದಾರು?”

“ಮನ್ಯಾಗ?”

“ಮನ್ಯಾಗ ನೀ ಇರತೀ ಅಲ್ಲಾ.”

ಇದನ್ನು ಹೊಗಳಿಕೆ ಅನ್ನಬೇಕೋ ಏನೋ. ಊರಿಗೆ ಮುಟ್ಟಿದ ಮೇಲೆ ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಗಂಟು ಹಾಕಿಟ್ಟೆ.

ಸಂಜೆ ಏಳಕ್ಕೆ ಇವರು ಮತ್ತೊಮ್ಮೆ ಮುಖ ತೊಳೆದು, ತಲೆ ಬಾಚಿ, ಹಾಸಿಗೆಯ ಅಂಚಿಗೆ ಫೋನು ಹಿಡಿದು ಕುಳಿತರು. ಯಾರಿಗೆ ಫೋನು ಎಂದರೆ, ಮನೆಗೆ ಎಂದರು. ಹಾಗಾದರೆ ಹಚ್ಚಬಾರದೇ?

“ಈಗ ಬ್ಯಾಡ. ಅವ್ವನ ಧಾರಾವಾಹಿ ಏಳೂವರಿಗೆ ಮುಗಿತೈತಿ. ಅಕ್ಷತಾಂದು ಅಭ್ಯಾಸ ಆಗಿರತೈತಿ. ನಿಂದೂ ರೊಟ್ಟಿ ಬಡಿಯೂದು ಮುಗದಿರತಿತ್ತು.”

ಅರ್ಧ ತಾಸು ಹಾಗೇ ಕುಳಿತಿದ್ದರು. ಇಷ್ಟು ವರ್ಷ ಫೋನಿನ ಆ ತುದಿಯಲ್ಲಿ ನಾನು, ‘ಕೆಲಸದ ನಡುವೆ ಪುರಸೊತ್ತಾದಾಗ ಹಚ್ಚುತ್ತಾರೆ’ ಎಂದುಕೊಂಡು ಹಿಟ್ಟಿನ ಕೈಯಲ್ಲೇ ಎರಡು ಮಾತಾಡಿ ಇಟ್ಟುಬಿಡುತ್ತಿದ್ದೆ. ಈ ತುದಿಯಲ್ಲಿ ಒಬ್ಬರು ತಲೆ ಬಾಚಿಕೊಂಡು ಕುಳಿತಿರುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು? ನಾನು ಕಿಟಕಿಯ ಕಡೆ ತಿರುಗಿ, ಒಣಗಿದ್ದ ಬನಿಯನ್ ತೆಗೆದು ಮಡಿಚಿದೆ.

ಫೋನಿನಲ್ಲಿ ಅತ್ತೆಯವರ ಧ್ವನಿ ಕೋಣೆಗೆಲ್ಲ ಕೇಳುತ್ತಿತ್ತು. “ಇವತ್ತ ಎರಡು ರೊಟ್ಟಿ ತಗದಿಟ್ಟೇನ್ಯವ್ವಾ, ನಿಂದೊಂದು ಅವಂದೊಂದು. ಎಮ್ಮಿ ಖುಷಿ ಆಗೇತಿ.”

ಕೊಲಂಬೊ, ಹುಣ್ಣಿಮೆ

ಮರುದಿನ ಹತ್ತು ಗಂಟೆಗೆ ಅಂಗಡಿಯಲ್ಲಿ ಮಾತುಕತೆ ಎಂದು ಇವರು ಒಂದು ತಿಂಗಳ ಹಿಂದೆಯೇ ಗೊತ್ತುಮಾಡಿಕೊಂಡಿದ್ದರು. ಬೆಳಿಗ್ಗೆ ನೋಡಿದರೆ ಬಜಾರಿಗೆ ಬಜಾರೇ ಬಂದ್.

“ಇವತ್ತ ಹುಣ್ಣಿಮಿ ಅಲ್ರೀ,” ಅಂದೆ. ನಾನು ಪಂಚಾಂಗ ನೋಡದೆ ಮನೆಯ ಹೊಸ್ತಿಲು ದಾಟುವವಳಲ್ಲ.

“ಹುಣ್ಣಿಮಿ ಆದ್ರ ಏನಾತು?”

ಫೋನು ಹಚ್ಚಿದಾಗ ತಿಳಿಯಿತು. ಇಲ್ಲಿ ಹುಣ್ಣಿಮೆಗೆ ಪೋಯ ಎನ್ನುತ್ತಾರೆ, ಪ್ರತಿ ಹುಣ್ಣಿಮೆಗೂ ರಜೆ. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುತ್ತೇವೆ. ಇಲ್ಲಿಯವರು ಚಂದ್ರನ ಇನ್ನೊಂದು ಬದಿ ಹಿಡಿದುಕೊಂಡಿದ್ದಾರೆ. ಹುಣ್ಣಿಮೆಗೆ ಅಂಗಡಿ ಇಲ್ಲ ಎಂದು ಪಾರ್ಟಿಯವರು ಮೊದಲೇ ಹೇಳಿದ್ದರಂತೆ, ಆದರೆ ತಾರೀಕಿನ ಮೇಲೆ ಕಣ್ಣಿಟ್ಟ ಇವರಿಗೆ ತಿಥಿ ತಲೆಗೆ ಹೋಗಿರಲಿಲ್ಲ. ನನಗೆ ಒಳಗೊಳಗೇ ಖುಷಿ. ಕಾಡಸಿದ್ಧೇಶ್ವರ ಸಮುದ್ರ ದಾಟಿ ಬಂದು ಬೀಗ ಹಾಕಿದ್ದಾನೆ ಅನಿಸಿತು. ಆದರೆ ಪಾರ್ಟಿ, “ಗುಡಿಗೆ ಬನ್ನಿ, ಆಮೇಲೆ ನಮ್ಮ ಮನೆಯಲ್ಲೇ ಊಟ, ಮಾತು ಎಲ್ಲ,” ಎಂದಿತಂತೆ.

ಬುದ್ಧನ ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಅಂಗಳದ ತುಂಬ ಹೆಣ್ಣುಮಕ್ಕಳು, ಎಲ್ಲರೂ ಬಿಳಿ ಸೀರೆ. ನಮ್ಮಲ್ಲಿ ಬಿಳಿ ಸೀರೆ ಯಾರು ಉಡುತ್ತಾರೆ, ಯಾವಾಗ ಉಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಇಷ್ಟು ಜನಕ್ಕೆ ಒಮ್ಮೆಲೇ ಏನಾಯಿತಪ್ಪಾ ಎಂದು ಕೊರಳ ತಾಳಿ ಮುಟ್ಟಿಕೊಂಡೆ. ಅಷ್ಟರಲ್ಲಿ ಹೊಸದಾಗಿ ಮದುವೆಯಾದಂತಿದ್ದ ಒಬ್ಬ ಹುಡುಗಿ, ಅವಳೂ ಬಿಳಿಯೇ, ಗಂಡನ ಕೈಯಲ್ಲಿ ತಾವರೆ ಹೂವು ಹೊರಿಸಿಕೊಂಡು ನಗುತ್ತ ಹೋದಳು. ಇಲ್ಲಿ ದೇವರ ಮುಂದೆ ಬಿಳಿಯೇ ಮಡಿ, ಬಿಳಿಯೇ ಹಬ್ಬ. ನಾನು ಹಸಿರು ಸೀರೆ, ಕೆಂಪು ಸೆರಗು, ಹಣೆತುಂಬ ಕುಂಕುಮದಲ್ಲಿ, ಅರಳಿದ ಹತ್ತಿಯ ಹೊಲದ ನಡುವೆ ಒಂದೇ ಒಂದು ಮೆಣಸಿನ ಗಿಡದ ಹಾಗೆ ನಿಂತಿದ್ದೆ.

“ಬಂದ್ಯಾ?” ಎಂದು ಯಾರೋ ರಟ್ಟೆ ಹಿಡಿದರು. ಅರವತ್ತರ ಆಸುಪಾಸಿನ, ಕನ್ನಡಕದ ಹೆಂಗಸು. ಇವರೇ ಪಾರ್ಟಿ! ಹೆಸರು ಮಲ್ಲಿಕಾ. ಇಷ್ಟು ದಿನ ನಾನು ಬೈದುಕೊಂಡಿದ್ದು ಮೀಸೆಯ ಒಬ್ಬ ಸೇಠಜಿಯನ್ನು. ಬೈಗುಳಗಳೆಲ್ಲ ವಿಳಾಸ ತಪ್ಪಿ ಹೋಗಿದ್ದವು. ಬಟ್ಟೆ ಕೊಳ್ಳಲು ಮುಂಬಯಿಗೆ ಓಡಾಡಿ ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅವರ ಹಿಂದಿ ನನ್ನ ತಲೆಗೆ ಮುಟ್ಟುವ ಹೊತ್ತಿಗೆ ಬನಹಟ್ಟಿಯ ಮಾತಾಗಿರುತ್ತಿತ್ತು, ಹಾಗೇ ಬರೆಯುತ್ತೇನೆ.

ಅರಳಿ ಮರದ ಹತ್ತಿರ, ಎಳೆಬಿಸಿಲಿನಲ್ಲಿ, ಚಾಪೆ ಹಾಸಿ ಇಪ್ಪತ್ತು ಇಪ್ಪತ್ತೈದು ಹೆಂಗಸರು ಸಾಲಾಗಿ ಕುಳಿತಿದ್ದರು. ಮಲ್ಲಿಕಾ ನನ್ನನ್ನು ಅವರ ಮುಂದೆ ನಿಲ್ಲಿಸಿದರು.

“ಇವರೆಲ್ಲಾ ನಮ್ಮ ಗುಡಿಯ ಕೂಟದವರು. ಎಲ್ಲಾರೂ ಉಟ್ಟಿದ್ದು ನಿಮ್ಮ ಊರ ಸೀರಿ. ಏನ್ ಕಾಣತೈತಿ ಹೇಳು.”

ನೋಡಿದೆ. ಒಂದು ಸೀರೆ ಹಾಲು. ಅದರ ಪಕ್ಕದ್ದು ನೀರು ಮಜ್ಜಿಗೆಯ ಹಾಗೆ ನೀಲಿಗೆ ತಿರುಗಿದ್ದು. ಅದರಾಚೆಯದು ಬೆಣ್ಣೆಯ ಬಣ್ಣ. ಮತ್ತೆ ಹಾಲು, ಮತ್ತೆ ಬೆಣ್ಣೆ. ಒಂದೇ ಸಾಲಿನಲ್ಲಿ ಹೈನಿನ ಅಂಗಡಿ.

“ಪ್ರತಿ ಹುಣ್ಣಿಮಿಗೆ ಎಲ್ಲಾರೂ ಒಬ್ಬರ ಸೀರಿ ಒಬ್ಬರು ನೋಡಿ ನನ್ನ ಅಂಗಡಿ ಹೆಸರು ತಗೀತಾರ,” ಅಂದರು ಮಲ್ಲಿಕಾ, “ಹೊಗಳಾಕ ಅಲ್ಲ.”

ನಮ್ಮವರು ಕಣ್ಣು ಕಿರಿದು ಮಾಡಿ ನೋಡಿದರು. “ಎಲ್ಲಾ ಬಿಳೀನ ಅದಾವಲ್ಲ?” ದಾಳಿಂಬೆ ಕೆಂಪು, ಕುಂಕುಮ ಕೆಂಪು, ಇಟ್ಟಿಗೆ ಕೆಂಪು ಎಂದು ದೂರದಿಂದಲೇ ಹೇಳುವ ಮನುಷ್ಯ ಇವರು!

ಮಲ್ಲಿಕಾ ಅವರ ಅಡುಗೆಮನೆ

ಅವರ ಮನೆಯಲ್ಲಿ ಒಲೆಯ ಮುಂದೆ ನಿಂತಿದ್ದವರು ಅವರ ಯಜಮಾನರು. ನಿವೃತ್ತ ಶಾಲಾ ಮಾಸ್ತರರು, ಲುಂಗಿ ಉಟ್ಟು, ಹೆಗಲಿಗೆ ಟವೆಲ್ ಹಾಕಿ ತೆಂಗಿನಕಾಯಿ ತುರಿಯುತ್ತಿದ್ದರು. ಹುಣ್ಣಿಮೆಯಾದ್ದರಿಂದ ಶಾಕಾಹಾರವೇ, ಇದು ನನ್ನ ಪಾಲಿನ ಆ ದಿನದ ದೇವರ ದಯೆ. ಕೆಂಪಕ್ಕಿಯ ಅನ್ನ, ಬೇಳೆ, ಹಲಸಿನಕಾಯಿಯ ಪಲ್ಯ. ಎಲ್ಲದಕ್ಕೂ ತೆಂಗು. ನಾನು ಬುತ್ತಿಯಿಂದ ಖಡಕ್ ರೊಟ್ಟಿ ಬಿಚ್ಚಿದೆ. ಮಾಸ್ತರರು ಒಂದನ್ನು ಬೆರಳಿನಿಂದ ಟಕಟಕ ಬಡಿದು ಕಿವಿಗೊಟ್ಟು ಕೇಳಿ, ಗಡಿಗೆ ಕೊಳ್ಳುವವರ ಹಾಗೆ ತಲೆ ಓಲಾಡಿಸಿದರು. ಶೇಂಗಾದ ಹಿಂಡಿ ಮಾತ್ರ ಮೂರು ಸಲ ಹಾಕಿಸಿಕೊಂಡರು.

ಊಟದ ನಡುವೆ ಮಲ್ಲಿಕಾ ನೇರ ವಿಷಯಕ್ಕೆ ಬಂದರು. “ನೋಡವ್ವಾ, ನಿನ್ನ ಗಂಡ ಇಲ್ಲಿ ಹದಿನೈದು ದಿನ ಕುಂತು ಒಂದ ನಮೂನಿ ಬಿಳಿ ಆರಿಸಿ ಕೊಟ್ಟರ ಮೂರು ಪಟ್ಟು ತಗೋತೇನಿ. ಇಲ್ಲಾಂದ್ರ ಬ್ಯಾರೆ ಊರಿನ ಮಾಲು ನೋಡತೇನಿ. ಅವನ ಕೇಳಿದ್ರ ಹೂಂ ಅಂತಾನ. ನಾ ನಿನ್ನ ಕೇಳತೇನಿ. ಕಳಿಸ್ತೀಯೋ, ಇಲ್ಲೋ?”

ನನ್ನ ಹರಕೆ ತಾಟಿನ ಮುಂದೆ ಬಂದು ಕುಳಿತಿತ್ತು. ‘ಇಲ್ಲ’ ಎಂದರೆ ಮುಗಿಯಿತು. ನಮ್ಮವರು ತಲೆ ಎತ್ತಲಿಲ್ಲ, ಅನ್ನ ಕಲಸುತ್ತಲೇ ಇದ್ದರು. ನಿನ್ನೆ ಸಂಜೆಯ ಬಾಚಿದ ತಲೆ ನೆನಪಾಯಿತು. ಈ ಮಾಲಿನ ಮೇಲೆ ಕಣ್ಣಿಟ್ಟು ಕುಳಿತ ನಮ್ಮ ಓಣಿಯ ಮಗ್ಗದವರ ಮನೆಗಳು ನೆನಪಾದವು. ನಾನೂ ಅನ್ನ ಕಲಸತೊಡಗಿದೆ.

ಆಗ ಮಾಸ್ತರರು ತಮ್ಮ ಭಾಷೆಯಲ್ಲಿ ಏನೋ ಅಂದರು. ಮಲ್ಲಿಕಾ ಜೋರಾಗಿ ನಕ್ಕು ನನಗೆ ಹೇಳಿದರು: “ನಾ ಮೂವತ್ತು ವರ್ಷ ಬಟ್ಟಿ ತರಾಕ ತಿಂಗಳಿಗೆ ಹನ್ನೆರಡು ದಿನ ಹೊರಗ ಇದ್ದಾಕಿ. ಮನಿ ಎಲ್ಲಾ ಇವರ ಕೈಯಾಗ. ಇವರಿಗೆ ಒಂದ ಮಾತಿಗೆ ಸಿಟ್ಟು ಬರತಿತ್ತಂತ. ಊರಿಂದ ಬಂದು ನಾ ‘ಉಪ್ಪಿನ ಡಬ್ಬಿ ಎಲ್ಲೈತಿ’ ಅಂತ ಕೇಳಿದ್ರ. ಮನಿಗೆ ಬೀಗರು ಬಂದಂಗ ಅನಸತಿತ್ತಂತ.”

ಬೀಗರು. ಅತ್ತೆಯವರ ಮಾತು ಸಮುದ್ರ ದಾಟಿ ನನಗಿಂತ ಮೊದಲೇ ಇಲ್ಲಿಗೆ ಬಂದು ಕುಳಿತಿತ್ತು. ನಮ್ಮವರೂ ತಲೆ ಎತ್ತಿದರು. ಅವರಿಗೂ ಕೇಳಿಸಿತ್ತು.

ನಾನು ಕೈ ತೊಳೆದು ಬಂದು ಇವರನ್ನೇ ಕೇಳಿದೆ. “ಬಿಳಿ ಸೀರಿ ಎಲ್ಲಿ ಆರಸ್ತೀರಿ?”

“ಗೋಡೌನ್ದಾಗ.”

“ಟ್ಯೂಬ್‌ಲೈಟ್ ಕೆಳಗ. ಕೆಂಪು, ಹಸಿರು?”

“ಅಂಗಳದಾಗ, ಮುಂಜಾನಿ ಬೆಳಕಿನ್ಯಾಗ. ಅಪ್ಪನ ಕಾಲದಿಂದ.”

“ಮತ್ತ ಬಿಳೀದು ಯಾಕ ಅಂಗಳಕ್ಕ ಬರೂದಿಲ್ಲ?”

ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ಶುಭದ ಬಣ್ಣಗಳ ಜೊತೆ ಬಿಳಿಯನ್ನು ಅಂಗಳದಲ್ಲಿ ಹರವುವ ರೂಢಿ ನಮ್ಮಲ್ಲಿ ಇಲ್ಲ. ನಮ್ಮಲ್ಲಿ ಬಿಳಿ ಉಡುವವರು ಹಬ್ಬಕ್ಕೆ ಸಾಲಾಗಿ ಕೂರುವುದಿಲ್ಲ. ಒಬ್ಬೊಬ್ಬರೇ ಮೂಲೆಯಲ್ಲಿ ಕೂರುತ್ತಾರೆ. ಒಂದರ ಪಕ್ಕ ಒಂದು ಇಟ್ಟು ನೋಡುವ ಪ್ರಸಂಗವೇ ಬಂದಿರಲಿಲ್ಲ. ಇದನ್ನು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಮಲ್ಲಿಕಾ ನನ್ನ ಹಸಿರು ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು.

“ಅಕ್ಕಾರ,” ಅಂದೆ, “ಇವರನ್ನ ಕಳಸೂದಿಲ್ಲ. ಬಿಳಿ ಕಳಸ್ತೇನಿ. ನಾನು ನಮ್ಮತ್ತಿ ಅಂಗಳದಾಗ ಕುಂತು ಆರಸ್ತೇವಿ. ಹಾಲು ಬ್ಯಾರೆ ಗಂಟು, ಮಜ್ಜಿಗಿ ಬ್ಯಾರೆ, ಬೆಣ್ಣಿ ಬ್ಯಾರೆ. ಮುಂದಿನ ಹುಣ್ಣಿಮಿಗೆ ಒಂದ ಸೀರಿ ತಪ್ಪಿದ್ರೂ ನಾನ ಸೂಟ್‌ಕೇಸ್ ಕಟ್ಟಿ ಇವರನ್ನ ಕಳಸ್ತೇನಿ.”

ಮಲ್ಲಿಕಾ ಇವರ ಕಡೆ ತಿರುಗಿ, “ಇಷ್ಟು ವರ್ಷ ಇಕೀನ್ನ ಎಲ್ಲಿ ಮುಚ್ಚಿಟ್ಟಿದ್ದಿ?” ಅಂದರು. ಮಾಸ್ತರರು ಹಿಂಡಿಯ ಡಬ್ಬಿಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

ಮತ್ತೆ ಬನಹಟ್ಟಿ

ಸುದ್ದಿ ಕೇಳಿ ಅತ್ತೆ ಒಪ್ಪುತ್ತಾರೋ ಇಲ್ಲವೋ ಎಂದು ನನಗೆ ಭಯವಿತ್ತು. ಮಾವ ತೀರಿದ ಮೇಲೆ ಅವರು ಉಡುವುದೂ ಬಿಳಿಯೇ. ಎಲ್ಲ ಕೇಳಿ, “ನನಗಿಂತ ಬಿಳಿ ಗೊತ್ತಿದ್ದಾಕಿ ಯಾಕಿ ಅದಾಳ ಈ ಊರಾಗ?” ಎಂದು ಚಾಪೆ ತಂದು ಹಾಸಿಯೇಬಿಟ್ಟರು. ಕನ್ನಡಕ ಹಾಕದೆ, ಬೆರಳ ತುದಿಯಲ್ಲಿ ಸೆರಗು ಎತ್ತಿ, ಹಾಲು, ಬೆಣ್ಣೆ, ಮಜ್ಜಿಗೆ ಎಂದು ಬೇರೆ ಬೇರೆ ಮಾಡುತ್ತ ಹೋದರು. ಅಕ್ಷತಾ ಶಾಲೆಗೆ ಹೋಗುವ ಮುಂಚೆ ಗಂಟಿಗೆ ಚೀಟಿ ಹಚ್ಚಿದಳು.

ಮುಂದಿನ ಹುಣ್ಣಿಮೆಗೆ ಕೊಲಂಬೊದಿಂದ ಫೋನಿಗೆ ಒಂದು ಫೋಟೋ ಬಂತು. ಅರಳಿ ಮರ, ಚಾಪೆ, ಹೆಂಗಸರ ಸಾಲು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಹಾಲು. ಅತ್ತೆ ಆ ಫೋಟೋವನ್ನು ಬಹಳ ಹೊತ್ತು ಹಿಡಿದು ಕುಳಿತರು. “ಎಷ್ಟ ಚಂದ ಕುಂತಾರ ನೋಡ, ಎಲ್ಲಾರೂ ಕೂಡಿ,” ಅಂದರು.

ಹರಕೆಯ ವಿಷಯ ದೇವರಿಗೂ ನನಗೂ ನಡುವೆ ಪೂರ್ತಿ ಬಗೆಹರಿದಿಲ್ಲ. ಮುರಿಯಲಿ ಎಂದಿದ್ದೆ, ಮುರಿಯಲಿಲ್ಲ. ಹಾಗೆ ನೋಡಿದರೆ ನಾನು ಅಭಿಷೇಕ ಮಾಡಿಸಬೇಕಾಗಿಲ್ಲ. ಆದರೂ ಐದು ಸೋಮವಾರ ಮಾಡಿಸಿದೆ. ಕೇಳಿದ್ದನ್ನು ಕೊಡಲಿಲ್ಲವಲ್ಲ, ಅದಕ್ಕೆ.

ಇವರು ಈಗಲೂ ಹತ್ತು ದಿನ ಹೊರಗಿರುತ್ತಾರೆ, ಎಮ್ಮೆಗೆ ಅದರ ರೊಟ್ಟಿ ತಪ್ಪಿಲ್ಲ. ಸಂಜೆ ಏಳೂವರೆಗೆ ಫೋನು ಬಂದರೆ ನಾನು ಕೈ ತೊಳೆದುಕೊಂಡು, ಕುಳಿತು ಮಾತಾಡುತ್ತೇನೆ. ಹೋಗಲಿದ್ದ ಆ ಹದಿನೈದು ದಿನ ಮಾತ್ರ ಮನೆಯಲ್ಲೇ ಉಳಿದವು.

ಮೊನ್ನೆ ಮುಂಜಾನೆ ಅಂಗಳದ ತುಂಬ ಬಿಳಿ ಹರವಿಕೊಂಡು ಕುಳಿತಿದ್ದೆವು. ಇವರು ತಾವೇ ಲೋಟ ಹುಡುಕಿ, ತಾವೇ ಚಹಾ ಸೋಸಿಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತು ನೋಡತೊಡಗಿದರು. ಇದಕ್ಕಾಗಿ ನಾನು ದೇವರ ಮುಂದೆ ಕಳ್ಳಬೇಡಿಕೆ ಬೇಡಿದ್ದೆ, ಸಮುದ್ರ ದಾಟಿದ್ದೆ. ತಲೆ ಎತ್ತದೆ ಅಂದೆ:

“ಸ್ವಲ್ಪ ಆಕಡೆ ಸರೀರಿ. ನಿಮ್ಮ ನೆರಳು ಸೀರಿ ಮ್ಯಾಲೆ ಬೀಳಾಕತ್ತೈತಿ.”